ಹೆಸ್ಟರ್ ಲೇನ್ ಮತ್ತೆ ಮುಳುಗುವ ಮುನ್ನ

ಸನ್ನಿಸೈಡ್, ಕ್ವೀನ್ಸ್
ಫೆಬ್ರವರಿ ೧೧, ಮಂಗಳವಾರ

ಪ್ರೀತಿಯ ವೆಂಡೆಲ್,

'ಪ್ರೀತಿಯ' ಎಂದು ಬರೆದಿದ್ದಕ್ಕೆ ಹುಬ್ಬು ಗಂಟಿಕ್ಕಬೇಡ. ಬೇರೆ ಏನು ಬರೆಯಲಿ? 'ಮಾನ್ಯರೇ' ಎಂದರೆ ವಕೀಲರ ನೋಟೀಸಿನಂತೆ ಕಾಣುತ್ತದೆ, ಅದೂ ನಮ್ಮ ನಡುವೆ ಒಮ್ಮೆ ಆಗಿಹೋಗಿದೆ. ಇಪ್ಪತ್ತೈದು ವರ್ಷಗಳಿಂದ ಕ್ರಿಸ್‌ಮಸ್ಸಿಗೆ ಒಂದೊಂದು ಕಾರ್ಡು, ಅದರಲ್ಲಿ ನಿನ್ನದು ನಾಲ್ಕು ಪದ, ನನ್ನದು ನಾಲ್ಕು ಪದ. ಇವತ್ತಿನದು ಉದ್ದವಾಗುತ್ತದೆ. ಕಾಫಿ ಮಾಡಿಕೊಂಡು ಕೂತುಕೋ.

ನಮ್ಮ ಆ ಹಡಗಿನ ಹಾಡುನಾಟಕ 'ಹೆಸ್ಟರ್ ಲೇನ್' ಮತ್ತೆ ಬ್ರಾಡ್‌ವೇ ರಂಗಮಂದಿರಕ್ಕೆ ಬರುತ್ತಿದೆ. ನಿನ್ನ ಸ್ಕ್ರಾಂಟನ್ನಿನ ಪತ್ರಿಕೆಯಲ್ಲೂ ಬಂದಿರಬೇಕು. ಏಪ್ರಿಲ್ ಮೂರಕ್ಕೆ ಮೊದಲ ಪ್ರದರ್ಶನ. ಟಿಕೆಟ್ ಕೊಡಲು ಶುರುಮಾಡಿದ ದಿನ ಹಿಮ ಬೀಳುತ್ತಿತ್ತು, ಆದರೂ ಸಾಲು ಬೀದಿಯ ಮೂಲೆ ದಾಟಿತ್ತು. ನಾವು ಆಡುತ್ತಿದ್ದಾಗ ಹುಟ್ಟಿಯೂ ಇರದಿದ್ದವರು ನಮ್ಮ ಹಾಡುಗಳನ್ನು ಒಂದು ಸಾಲೂ ತಪ್ಪದೆ ಹಾಡುತ್ತ ನಿಂತಿದ್ದರು. ಹಡಗು ಒಡೆದು ನಾನೂರು ಜನ ಸಾಯುವ ಕಥೆಗೆ ಇಷ್ಟೊಂದು ಸಂಭ್ರಮ ಯಾಕೋ ನನಗೆ ಅಂದೂ ಅರ್ಥವಾಗಲಿಲ್ಲ, ಇಂದೂ ಇಲ್ಲ.

ನಾನೂ ಅದರಲ್ಲಿದ್ದೇನೆ. ಕುಣಿಯುವುದಕ್ಕಲ್ಲ ಮಾರಾಯ, ಗಾಬರಿಯಾಗಬೇಡ. ಕುಣಿಯುವವರಿಗೆ ಬಟ್ಟೆ ತೊಡಿಸುವುದಕ್ಕೆ. ನಲವತ್ತೆರಡು ಲೈಫ್ ಜಾಕೆಟ್ಟುಗಳ ಪಟ್ಟಿ ನಾನೇ ಹೊಲಿಯುತ್ತಿದ್ದೇನೆ. ಮಂಡಿ ಊರಿ ಇನ್ನೊಬ್ಬರ ಬೂಟಿನ ದಾರ ಕಟ್ಟಿ, ಮೇಲೇಳಲು ಗೋಡೆ ಹುಡುಕುತ್ತೇನೆ. ಇದು ನನ್ನ ಕೊನೆಯ ನಾಟಕ. ಯಾರಿಗೂ ಹೇಳಿಲ್ಲ, ಯಾರೂ ಕೇಳಿಯೂ ಇಲ್ಲ. ಸುಸ್ತಾಗಿದೆ ವೆಂಡೆಲ್, ನಿದ್ದೆ ಮಾಡಿದರೂ ಹೋಗದ ಸುಸ್ತು.

ವಿಷಯಕ್ಕೆ ಬರುತ್ತೇನೆ. ಪ್ರೇಕ್ಷಕರಿಗೆ ಮಾರಲು ಒಂದು ನೆನಪಿನ ಪುಸ್ತಕ ಮಾಡುತ್ತಿದ್ದಾರೆ. ಹಳೆಯ ಫೋಟೋಗಳು, ಹಳೆಯ ಕಥೆಗಳು. ಮೊದಲ ತಂಡದವರಲ್ಲಿ ನಾನೊಬ್ಬಳೇ ಕೈಗೆ ಸಿಕ್ಕಿದ್ದರಿಂದ, ಪುಸ್ತಕ ಮಾಡುತ್ತಿರುವ ಕಾಲಿನ್ ಎಂಬಾತ ತಪ್ಪು ತಿದ್ದಿಕೊಡಿ ಎಂದು ಪುಟಗಳನ್ನು ನನ್ನ ಕೈಗಿಟ್ಟ. ಹದಿನೇಳನೇ ಪುಟದಲ್ಲಿ ಹೀಗಿದೆ: 'ಸ್ಟೇಜ್ ಮ್ಯಾನೇಜರ್ ವೆಂಡೆಲ್ ಕ್ರೂಗ್ ಹಾಜರಿ ನೋಡದೆಯೇ ಪರದೆ ಏಳಿಸಿದ್ದರಿಂದ ನಟ ಲೆಸ್ಟರ್ ಪ್ಯಾಕ್ಸ್‌ಟನ್ ವಾಲುವ ಡೆಕ್ಕಿನಿಂದ ಬಿದ್ದು ತೀವ್ರವಾಗಿ ಗಾಯಗೊಂಡರು.' ಒಂದೇ ವಾಕ್ಯ. ಪಕ್ಕದಲ್ಲಿ ನಿನ್ನ ಫೋಟೋ, ಕಿವಿಗೆ ಹೆಡ್‌ಫೋನು, ಬಾಯಲ್ಲಿ ಪೆನ್ಸಿಲ್ಲು. ತಲೆ ತುಂಬ ಕೂದಲಿತ್ತು ನಿನಗೆ.

ಆ ಪುಟ ಶುಕ್ರವಾರ ಅಚ್ಚಿಗೆ ಹೋಗುತ್ತದೆ. ಅದರಲ್ಲಿ ಇರಬೇಕಾದದ್ದು ಬೇರೆ. ಅದನ್ನು ಮೊದಲು ನಿನಗೆ ಹೇಳಬೇಕು.

ಲೆಸ್ಟರ್ ಬಿದ್ದ ಆ ಬುಧವಾರದ ಮ್ಯಾಟಿನಿಯಲ್ಲಿ, ಹಾಜರಿ ಹಾಳೆಗೆ ನನ್ನ ಜೊತೆ ಕುಣಿಯುತ್ತಿದ್ದ ಫಿಲಿಸ್‌ಳ ಸಹಿ ಹಾಕಿದವಳು ನಾನು.

ಇಲ್ಲಿಯವರೆಗೆ ಬರೆದು ಎದ್ದುಹೋಗಿ ಪಾತ್ರೆ ತೊಳೆದು ಬಂದೆ. ಈಗ ಮುಂದಿನದು.

ಆ ಹಾಳೆ ನಿನಗೆ ದೇವರಿದ್ದಂತೆ. ಪರದೆ ಏಳಲು ಅರ್ಧ ಗಂಟೆ ಇದೆ ಎನ್ನುವುದರೊಳಗೆ ಪ್ರತಿಯೊಬ್ಬರೂ ಸ್ಟೇಜ್ ಬಾಗಿಲ ಪಕ್ಕದ ಹಲಗೆಯ ಮುಂದೆ ನಿಂತು ತಮ್ಮ ಹೆಸರಿನೆದುರು ತಾವೇ ಸಹಿ ಹಾಕಬೇಕು. ಸಹಿ ಇಲ್ಲದಿದ್ದರೆ ಅವರ ಬದಲಿಯವರು ಬಟ್ಟೆ ತೊಡಬೇಕು. ಮೊದಲ ದಿನ ನೀನು ಕುರ್ಚಿ ಹತ್ತಿ ನಿಂತು, "ನಿಮ್ಮ ಅಮ್ಮನೇ ಸಾಯ್ತಿದ್ರೂ ಸರಿ, ಇನ್ನೊಬ್ಬರ ಸಹಿ ಮಾತ್ರ ಹಾಕ್ಬೇಡ್ರಪ್ಪಾ," ಎಂದಿದ್ದೆ. ನಾವೆಲ್ಲ ಬಿದ್ದು ಬಿದ್ದು ನಕ್ಕಿದ್ದೆವು. ನಾನೇ ಎಲ್ಲರಿಗಿಂತ ಜೋರಾಗಿ ನಕ್ಕೆ, ಸ್ಟೇಜ್ ಮ್ಯಾನೇಜರನ ಹೆಂಡತಿಯೆಂಬ ಸಲಿಗೆಯಿಂದ.

ಬಾಗಿಲ ಬಳಿಯ ಫೋನು ಬಡಿದುಕೊಂಡಾಗ ಎತ್ತಿದವಳು ನಾನು. ಆ ಕಡೆ ಫಿಲಿಸ್, ಯಾವುದೋ ಸ್ಟೇಷನ್ನಿನಿಂದ. "ಟ್ರೈನ್ ಕೆಟ್ಟು ನಿಂತಿದೆ ಕಣೇ ನೋರೀನ್. ಒಂದು ಸಹಿ ಗೀಚಿಬಿಡೇ, ಹತ್ತೇ ನಿಮಿಷ, ಓಡಿ ಬಂದ್ಬಿಡ್ತೀನಿ. ಇದು ಮೂರನೇ ಸಲ, ಇವತ್ತು ಲೇಟಾದ್ರೆ ನನ್ನ ಕಥೆ ಮುಗೀತು." ಅವಳು ಎಂದೂ ಸುಳ್ಳು ಹೇಳುವವಳಲ್ಲ, ಹತ್ತು ನಿಮಿಷವೆಂದರೆ ನಲವತ್ತು ನಿಮಿಷವಾಗುತ್ತಿತ್ತು, ಅಷ್ಟೇ. ನಾನು ಪೆನ್ನು ತೆಗೆದು ಗೀಚಿದೆ. ತುಟಿಗೆ ಬಣ್ಣ ಹಚ್ಚಿಕೊಳ್ಳುವಷ್ಟು ಹೊತ್ತೂ ಹಿಡಿಯಲಿಲ್ಲ. ಸಹಿ ಇದೆಯೆಂದು ಅವಳ ಬದಲಿಯ ಹುಡುಗಿ ಸ್ಯಾಂಡ್‌ವಿಚ್ ತಿನ್ನಲು ಹೊರಗೆ ಹೋದಳು.

ಬೇರೆ ಯಾವ ನಾಟಕವಾಗಿದ್ದರೂ ನಡೆದುಹೋಗುತ್ತಿತ್ತು. ನಮ್ಮದು ಶುರುವಾಗುವುದೇ ಮುಳುಗುವುದರಿಂದ. ಪರದೆ ಎದ್ದ ನಾಲ್ಕನೇ ನಿಮಿಷಕ್ಕೆ ಹಡಗಿನ ಡೆಕ್ಕು ವಾಲುತ್ತದೆ, ಲೆಸ್ಟರ್ ಮೇಲಿನಿಂದ ಜಾರುತ್ತಾನೆ. ಅದಕ್ಕೆ ಮುಂಚೆ ಹಿಂದಿನಿಂದ ಅವನ ಬೆಲ್ಟಿಗೆ ಹಗ್ಗದ ಕೊಕ್ಕೆ ಹಾಕಿ ಬೆನ್ನು ತಟ್ಟುವುದು ಫಿಲಿಸ್‌ಳ ಕೆಲಸ. ಹೊಗೆ, ಕತ್ತಲು, ಎಲ್ಲರ ಮೈಮೇಲೂ ಒಂದೇ ತರಹದ ಜಾಕೆಟ್ಟು. ನೂಕುನುಗ್ಗಲಿನಲ್ಲಿ ಯಾರದೋ ಕೈ ಅವನ ಬೆನ್ನಿಗೆ ತಾಗಿತು. ಕೊಕ್ಕೆ ಬಿತ್ತೆಂದುಕೊಂಡು ಅವನು ಡೆಕ್ಕಿನ ಹಿಡಿತ ಬಿಟ್ಟ. ಹನ್ನೊಂದು ಅಡಿ ಕೆಳಗೆ, ವಾದ್ಯದವರ ನಡುವೆ ಬಿದ್ದ. ಸಂಗೀತ ಒಮ್ಮೆಲೇ ನಿಲ್ಲಲಿಲ್ಲ, ಒಂದೊಂದೇ ವಾದ್ಯವಾಗಿ ನಿಂತಿತು. ಅವನ ಸೊಂಟ ಮುರಿದಿತ್ತು, ಮಂಡಿಯೂ. ಮೂವತ್ತೆಂಟು ವಯಸ್ಸಿಗೆ ಅವನ ಕುಣಿತ ಮುಗಿಯಿತು.

ಸಹಿಯಷ್ಟೇ ಆಗಿದ್ದರೆ ಆ ಸಂಜೆಯೇ ನಿನ್ನ ಮುಂದೆ ಅತ್ತುಬಿಡುತ್ತಿದ್ದೆನೇನೋ. ಇನ್ನೊಂದು ಮಾತನ್ನು ಇಲ್ಲಿಯವರೆಗೆ ತಪ್ಪಿಸಿಕೊಂಡು ಬಂದಿದ್ದೇನೆ. ಎಲ್ಲರೂ ಲೆಸ್ಟರ್‌ನ ಸುತ್ತ ಕೂಗಾಡುತ್ತಿದ್ದಾಗ ನಾನು ಬಾಗಿಲಿಗೆ ಓಡಿ ಆ ಹಾಳೆಯನ್ನು ಹಲಗೆಯಿಂದ ಕಿತ್ತು ಬೂಟಿನೊಳಗೆ ತುರುಕಿಕೊಂಡೆ. ಫಿಲಿಸ್‌ಳನ್ನು ಉಳಿಸಲು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ನನ್ನನ್ನು ಉಳಿಸಿಕೊಳ್ಳಲು ಕಿತ್ತೆ.

ವಿಚಾರಣೆಯಲ್ಲಿ ನೀನು, "ಹಾಳೆ ಪೂರ್ತಿ ತುಂಬಿತ್ತು, ನಾನೇ ನೋಡಿದ್ದೀನಿ," ಎಂದೆ. ಹಾಳೆ ತೋರಿಸಿ ಎಂದರು. ನಿನ್ನ ಬಳಿ ಏನಿತ್ತು ತೋರಿಸಲು? ನಾನು ಹಿಂದಿನ ಸಾಲಿನಲ್ಲಿ ಕೈಚೀಲ ತಬ್ಬಿಕೊಂಡು ಕೂತಿದ್ದೆ. ಆಮೇಲೆ ನೀನು, "ಸರಿ, ತಪ್ಪು ನನ್ನದೇ," ಎಂದುಬಿಟ್ಟೆ. ಅಷ್ಟು ಬೇಗ ಯಾಕೆ ಒಪ್ಪಿಕೊಂಡೆಯೆಂದು ನನಗೆ ಆಶ್ಚರ್ಯವಾಯಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ನೆಮ್ಮದಿಯೂ ಆಯಿತು.

ಮತ್ತೆ ಯಾವ ನಾಟಕಮಂದಿರವೂ ನಿನ್ನನ್ನು ಕರೆಯಲಿಲ್ಲ. ಈಗ ಶಾಲೆಯ ಬಸ್ಸುಗಳ ವೇಳಾಪಟ್ಟಿ ಮಾಡುತ್ತೀಯೆಂದು ಕಾರ್ಡಿನಿಂದ ತಿಳಿಯಿತು. ಒಂದು ಬಸ್ಸೂ ತಡವಾಗಿರಲಿಕ್ಕಿಲ್ಲ.

ಕಳೆದ ಭಾನುವಾರ ಆ ಹದಿನೇಳನೇ ಪುಟವನ್ನೂ, ಇಷ್ಟು ವರ್ಷ ಬಚ್ಚಿಟ್ಟಿದ್ದ ಹಾಜರಿ ಹಾಳೆಯನ್ನೂ ಹಿಡಿದು ಅಸ್ಟೋರಿಯಾಗೆ, ಲೆಸ್ಟರ್‌ನ ಮನೆಗೆ ಹೋದೆ. ಫಿಲಿಸ್ ತೀರಿಕೊಂಡು ನಾಲ್ಕು ವರ್ಷವಾಯಿತಲ್ಲ, ಉಳಿದವನು ಅವನೊಬ್ಬನೇ. ಇಪ್ಪತ್ತೇಳು ವರ್ಷಗಳಿಂದ ಭಾನುವಾರಗಳಂದು ಅವನಿಗೆ ಕೋಳಿ ಸೂಪು ಒಯ್ಯುತ್ತಿದ್ದೇನೆ, ಗೊತ್ತಿರಬೇಕು ನಿನಗೆ. ಒಮ್ಮೆಯೂ ಬಾಯಿ ಬಿಟ್ಟಿರಲಿಲ್ಲ. ಆ ದಿನ ಸೂಪು ಬಡಿಸುವ ಮುಂಚೆಯೇ ಹಾಳೆಯನ್ನು ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ.

ಅವನು ಕನ್ನಡಕ ಹುಡುಕಿದ, ಹಾಕಿಕೊಂಡ, ಹಾಳೆ ನೋಡಿದ. ಆಮೇಲೆ, "ಗೊತ್ತಿತ್ತು ಬಿಡೇ," ಎಂದ. "ಯಾರು ಹೇಳಿದ್ರು?" ಎಂದೆ. "ನಿನ್ನ ಗಂಡ. ಆಸ್ಪತ್ರೆಗೆ ಬಂದಿದ್ದ, ಎರಡನೇ ದಿನ. ಪರದೆ ಏಳೋಕೆ ಅರ್ಧ ಗಂಟೆ ಮುಂಚೆ ಹಾಳೆ ನೋಡ್ದಾಗಲೇ ನಿನ್ನ ಕೈಬರಹ ಅಂತ ಗುರುತು ಸಿಕ್ತಂತೆ. ಫಿಲಿಸ್ ಹೇಗೂ ಮಹಡೀಲಿ ಬಟ್ಟೆ ಹಾಕ್ಕೋತಿರ್ತಾಳೆ, ಹೆಂಡ್ತಿ ಮರ್ಯಾದೆ ಯಾಕೆ ಕಳೀಲಿ ಅಂತ ಸುಮ್ನಾದೆ, ಅಂತ ಅತ್ತ. ನೋರೀನ್‌ಗೆ ಹೇಳ್ಬೇಡ, ಅವಳಾಗೇ ಬಂದು ಹೇಳ್ತಾಳೆ, ಅಂದ."

ನಾನು ಅಳಲು ಶುರುಮಾಡಿದೆ. ಲೆಸ್ಟರ್ ಸಮಾಧಾನ ಮಾಡಲಿಲ್ಲ. ಅವನು ಸಿಟ್ಟಾದದ್ದನ್ನು ನಾನು ನೋಡಿದ್ದು ಇದೇ ಮೊದಲು. "ಅತ್ಕೋ, ಚೆನ್ನಾಗಿ ಅತ್ಕೋ. ನೀನು ಫಿಲಿಸ್‌ನ ಕಾಪಾಡ್ದೆ, ಅವನು ನಿನ್ನ ಕಾಪಾಡ್ದ, ಫಿಲಿಸ್ ಬಾಯಿ ಮುಚ್ಕೊಂಡು ನಿಮ್ಮಿಬ್ರನ್ನೂ ಕಾಪಾಡಿದ್ಳು. ಏನ್ ಪ್ರೀತಿ, ಏನ್ ತ್ಯಾಗ! ಸೊಂಟ ಮುರ್ಕೊಂಡೋನು ನಾನು. ನನ್ನನ್ನ ಯಾರಾದ್ರೂ ಒಂದು ಮಾತು ಕೇಳಿದ್ರಾ?" ಎಂದ. ನಾನು ತಲೆ ತಗ್ಗಿಸಿ, ಮತ್ತೆ ಇಷ್ಟು ವರ್ಷ ನನ್ನನ್ನು ಯಾಕೆ ಒಳಗೆ ಬಿಟ್ಟುಕೊಂಡೆ ಎಂದು ಕೇಳಿದೆ. "ಇವತ್ತು ಹೇಳ್ತಾಳೆ, ಇವತ್ತು ಹೇಳ್ತಾಳೆ ಅಂತ ಕಾದೆ. ಅಷ್ಟರಲ್ಲಿ ಸೂಪು ಅಭ್ಯಾಸ ಆಗೋಯ್ತು. ಉಪ್ಪು ಮಾತ್ರ ಇಪ್ಪತ್ತೇಳು ವರ್ಷದಲ್ಲಿ ಒಂದು ದಿನಾನೂ ಸರಿ ಹಾಕಿಲ್ಲ ನೀನು," ಎಂದ. ಬರುವಾಗ ಹಾಳೆಯನ್ನು ಎತ್ತಿಕೊಳ್ಳಲು ಹೋದೆ. ಕೈ ಅಡ್ಡ ಹಿಡಿದು, "ಇದು ನಂದು," ಎಂದ. ಅಲ್ಲೇ ಬಿಟ್ಟು ಬಂದೆ.

ಅಂದಿನಿಂದ ನಾನು ನಿನ್ನೊಡನೆ ಜಗಳವಾಡುತ್ತಿದ್ದೇನೆ, ಈ ಖಾಲಿ ಅಡುಗೆಮನೆಯಲ್ಲಿ, ಒಬ್ಬಳೇ. ನಿನಗೆ ಗೊತ್ತಿತ್ತು. ಆ ಅಪಘಾತದ ನಂತರ ಹದಿನೆಂಟು ತಿಂಗಳು ನಾವು ಒಂದೇ ಮೇಜಿನಲ್ಲಿ ಉಂಡೆವು. ನೀನು ತಟ್ಟೆ ಪಕ್ಕಕ್ಕೆ ಸರಿಸಿ ನನ್ನ ಮುಖವನ್ನೇ ನೋಡುತ್ತ ಕೂರುತ್ತಿದ್ದೆ. ಕೆಲಸ ಹೋದ ದುಃಖ ಎಂದುಕೊಂಡೆ. ನನ್ನ ಮೇಲೆ ಪ್ರೀತಿ ಆರಿತು ಎಂದುಕೊಂಡೆ. ನಾನು ಹೇಳಲಿ ಎಂದು ಕಾಯುತ್ತಿದ್ದೆಯೆಂದು ಹೇಗೆ ತಿಳಿಯಬೇಕಿತ್ತು? ಒಮ್ಮೆ ಭುಜ ಹಿಡಿದು ಅಲುಗಿಸಿ ಕೇಳಿದ್ದರೆ ಸಾಕಿತ್ತು. ಕೇಳದೆ ಎದ್ದುಹೋದೆ. ನಿನ್ನ ಆ ದೊಡ್ಡತನದ ಮೇಲೆ ನನಗೆ ಸಿಟ್ಟಿದೆ ವೆಂಡೆಲ್. ನೀನೂ ಅಂದು ಹಾಳೆ ನೋಡಿದಾಗಲೇ ಒಂದು ಮಾತು ಆಡಿದ್ದರೆ ಲೆಸ್ಟರ್ ಬೀಳುತ್ತಿರಲಿಲ್ಲ. ಇದನ್ನು ಬರೆಯುವ ಹಕ್ಕು ನನಗಿಲ್ಲ, ಗೊತ್ತು. ಆದರೂ ಬರೆದೆ. ಸುಮ್ಮನಿದ್ದು ಸಾಕಾಗಿದೆ.

ಆದರೆ ನಿನ್ನದು ಒಂದು ಮಾತು ನುಂಗಿದ ತಪ್ಪು. ನನ್ನದು ಮನುಷ್ಯನೊಬ್ಬನ ಹೆಸರನ್ನು ಬೂಟಿನಲ್ಲಿಟ್ಟುಕೊಂಡು ನಡೆದ ತಪ್ಪು. ಎರಡೂ ಒಂದೇ ಅಲ್ಲ. ಕ್ಷಮಿಸು ಎಂದು ಕೇಳುತ್ತೇನೆ, ಈ ವಯಸ್ಸಿನಲ್ಲಿ ಸುತ್ತುಬಳಸು ಯಾಕೆ?

ಈಗ ಹದಿನೇಳನೇ ಪುಟ. ಆ ವಾಕ್ಯ ಹೊಡೆದುಹಾಕಿ, ನಡೆದದ್ದನ್ನು ನನ್ನ ಹೆಸರಿನೊಂದಿಗೆ ಬರೆದಿದ್ದೇನೆ. ನೀನು ಹಾಳೆ ನೋಡಿದ್ದೆ, ಹಾಳೆ ತುಂಬಿತ್ತು, ಸುಳ್ಳು ಸಹಿ ನನ್ನದು, ಹಾಳೆ ಕದ್ದವಳೂ ನಾನು. ನಿನಗೆ ನನ್ನ ಕೈಬರಹದ ಗುರುತು ಸಿಕ್ಕಿದ್ದನ್ನು ಬರೆದಿಲ್ಲ. ಅದನ್ನು ಹೇಳುವುದೂ ಬಿಡುವುದೂ ನಿನಗೆ ಸೇರಿದ್ದು. ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಹೀಗೆ ಬೀದಿಗೆ ತರುವುದು ನಿನಗೆ ಬೇಡವೆನಿಸಿದರೆ ಶುಕ್ರವಾರದೊಳಗೆ ಫೋನು ಮಾಡು. ನಂಬರು ಅದೇ ಇದೆ.

ಇಲ್ಲಿನ ಹೊಸ ಸ್ಟೇಜ್ ಮ್ಯಾನೇಜರ್ ಇಮಾನಿ ಎಂಬಾಕೆ. ಗಟ್ಟಿ ಹೆಂಗಸು. ಅವಳಿಗೆ ಹಾಳೆಯ ಮೇಲೆ ನಂಬಿಕೆಯಿಲ್ಲ, ಪರದೆ ಏಳಲು ಅರ್ಧ ಗಂಟೆ ಇರುವಾಗ ಪ್ರತಿಯೊಂದು ಕೋಣೆಯ ಬಾಗಿಲು ತಟ್ಟಿ ಮುಖ ನೋಡುತ್ತಾಳೆ. "ಇದೆಲ್ಲ ಯಾಕೆ ತಾಯಿ?" ಎಂದು ಕುಣಿಯುವವರು ಗೊಣಗಿದರೆ, "ಯಾವನೋ ಒಬ್ಬ ಮುಖ ನೋಡ್ದೇ ಇದ್ದಿದ್ದಕ್ಕೆ," ಎನ್ನುತ್ತಾಳೆ. ಆ 'ಯಾವನೋ' ಕಿವಿಗೆ ಬಿದ್ದಾಗಲೆಲ್ಲ ಸೂಜಿ ಬೆರಳಿಗೆ ಚುಚ್ಚಿಕೊಳ್ಳುತ್ತದೆ.

ಏಪ್ರಿಲ್ ಮೂರರಂದು ಲೆಸ್ಟರ್ ಬರುತ್ತಾನೆ. ಮಹಡಿಯ ಸೀಟು ಬೇಡ, ವಾದ್ಯದವರ ಹಿಂದೆಯೇ ಕೂರುತ್ತೇನೆ ಎಂದು ಹಠ ಹಿಡಿದಿದ್ದಾನೆ. ಅವನ ಪಕ್ಕದ ಸೀಟು ಖಾಲಿಯಿದೆ. ಬಾ ಎನ್ನಲು ನನಗೆ ಬಾಯಿ ಬರುತ್ತಿಲ್ಲ, ಖಾಲಿಯಿದೆ ಎಂದಷ್ಟೇ ಹೇಳಿದ್ದೇನೆ.

ಎಂದೋ ನಿನ್ನವಳಾಗಿದ್ದ,
ನೋರೀನ್

ತಾ.ಕ.: ಶುಕ್ರವಾರ ಎಂದು ಬರೆದದ್ದು ಸುಳ್ಳು. ಪುಟ ನಿನ್ನೆಯೇ ಅಚ್ಚಿಗೆ ಹೋಯಿತು. ಲೆಸ್ಟರ್‌ಗೆ ಫೋನಿನಲ್ಲಿ ಓದಿ ಹೇಳಿ, ಅವನು ಹೂಂ ಎಂದ ಮೇಲೆ ಕಾಲಿನ್‌ನ ಕೈಗೆ ಕೊಟ್ಟೆ. ನಿನ್ನನ್ನು ಕೇಳಿದ್ದರೆ ನೀನು ಖಂಡಿತ ಬೇಡ ಎನ್ನುತ್ತಿದ್ದೆ, ನಾನು ಖಂಡಿತ ನಿನ್ನ ಮಾತು ಕೇಳುತ್ತಿದ್ದೆ. ಆದರೂ ಶುಕ್ರವಾರದೊಳಗೆ ಫೋನು ಮಾಡು. ಬೈಯುವುದಕ್ಕಾದರೂ ಮಾಡು.