ಬೆಕ್ಕಿಲ್ಲದ ಗಂಟು

ಗಾರ್ಕಿಂಗ್, ಮ್ಯೂನಿಕ್ (ಜರ್ಮನಿ),
೯ ನವೆಂಬರ್ ೨೦೨೫, ಭಾನುವಾರ

ಸೌ. ಸಾವಿತ್ರಿಗೆ ಪ್ರಭಂಜನನ ಪ್ರೀತಿಪೂರ್ವಕ ನೆನಪುಗಳು.

ನಿನ್ನ ಮೊಣಕಾಲಿನ ನೋವು ಹೇಗಿದೆ? ಧಾರವಾಡದಲ್ಲಿ ಈಗ ಬೆಳಗಿನ ಥಂಡಿ ಶುರುವಾಗಿರಬೇಕು. ಹಿತ್ತಲ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಲ್ಲಬೇಡ. ಕಣ್ಣಿನ ಪೊರೆ ತೆಗೆಸಿದ ಮೇಲೆ ಅತ್ತೆಯವರು ಪತ್ರಿಕೆಯ ಸಣ್ಣ ಅಕ್ಷರಗಳನ್ನೂ ಓದುತ್ತಿದ್ದಾರೆಂದು ಕೇಳಿ ಸಂತೋಷವಾಯಿತು. ಹನಿ ಔಷಧವನ್ನು ವೈದ್ಯರು ಹೇಳಿದಷ್ಟು ದಿನವೂ ಹಾಕಲೇಬೇಕೆಂದು ನನ್ನ ಹೆಸರಿನಲ್ಲಿ ತಾಕೀತು ಮಾಡು. ನಾನು ಆರೋಗ್ಯವಾಗಿದ್ದೇನೆ. ದಿನವೂ ಅನ್ನ ಸಾರು ಮಾಡಿಕೊಳ್ಳುತ್ತೇನೆ. ಸಾರಿಗೆ ನಿನ್ನ ಕೈಯ ರುಚಿ ಬರುವುದಿಲ್ಲ ಎಂಬುದನ್ನು ಬಿಟ್ಟರೆ ದೂರುವಂಥದ್ದೇನೂ ಇಲ್ಲ.

ವಾರಕ್ಕೊಮ್ಮೆ ಫೋನಿನಲ್ಲಿ ಮಾತಾಡುವವನು ಕಾಗದ ಯಾಕೆ ಬರೆಯುತ್ತಿದ್ದಾನೆಂದು ನಿನಗೆ ಆಶ್ಚರ್ಯವಾಗಬಹುದು. ಫೋನಿನಲ್ಲಿ ನನ್ನ ದನಿ ತಾನಾಗಿಯೇ ವೇದಿಕೆ ಹತ್ತುತ್ತದೆ, ನಿನಗೇ ಗೊತ್ತಿದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿತ ಆ ದನಿ ನಲವತ್ತು ವರ್ಷವಾದರೂ ನನ್ನನ್ನು ಬಿಟ್ಟಿಲ್ಲ. ಕಳೆದ ಭಾನುವಾರ ನೀನು ಹೇಳಿದೆ: “ಗೋಕರ್ಣಕ್ಕ ಹೋಗಿ ಬಂದ ಮ್ಯಾಲೆ ನಿದ್ದಿ ಬರ್ಲಿಕ್ಕತ್ತದ್ರೀ. ಆಕಿ ಹಗುರಾಗಿ ಹೋದ್ಳು ಅನಸ್ತದ. ವರ್ಷದ ದಿವಸ ಮತ್ತ ಅಲ್ಲೇ ಹೋಗೂಣು, ನೀವೂ ಬರ್ರಿ.” ನಾನು ‘ಹೂಂ’ ಎಂದೆ. ಮಗಳು ಭೂಮಿಕಾ ತೀರಿಕೊಂಡು, ಬರುವ ತಿಂಗಳಿಗೆ ವರ್ಷ ತುಂಬುತ್ತದೆ. ನೀನು ಗೋಕರ್ಣಕ್ಕೆ ಹೊತ್ತೊಯ್ದ ತಾಮ್ರದ ತಂಬಿಗೆಯ ಬಗ್ಗೆ ನಾನು ನಿನಗೆ ಹೇಳಬೇಕಾದ ಮಾತೊಂದಿದೆ. ಹೇಳಿದರೆ ನಿನ್ನ ನಿದ್ದೆ ಹೋಗಬಹುದು, ಹೇಳದಿದ್ದರೆ ನಿನ್ನ ಪಕ್ಕದಲ್ಲಿ ಆ ಸಮುದ್ರದ ಎದುರು ನಿಲ್ಲುವ ಯೋಗ್ಯತೆ ನನಗಿಲ್ಲ. ಹತ್ತು ತಿಂಗಳು ಇದನ್ನು ತೂಗುತ್ತ ಕೂತಿದ್ದೆ. ಈ ಬುಧವಾರ ನಮ್ಮ ಪ್ರಯೋಗಾಲಯಕ್ಕೆ ಬಂದ ಒಂದು ವಸ್ತು ತಕ್ಕಡಿಯನ್ನು ಕೈಯಿಂದ ಕಿತ್ತುಕೊಂಡಿತು. ಮೊದಲು ಅದನ್ನು ಹೇಳುತ್ತೇನೆ.

ಇಲ್ಲಿಂದ ನೂರು ಕಿಲೋಮೀಟರಿನಾಚೆ ಒಂದು ಚಿಕ್ಕ ಊರಿನ ಸಂಗ್ರಹಾಲಯದಲ್ಲಿ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಯಾರೋ ಈಜಿಪ್ಟಿನಿಂದ ತಂದಿಟ್ಟ ಕೆಲವು ಸಾಮಾನುಗಳಿವೆ. ಅವುಗಳಲ್ಲಿ ಒಂದನ್ನು, ಬಿಚ್ಚದೆ ಒಳಗೇನಿದೆ ಎಂದು ನೋಡಿಕೊಡಬೇಕೆಂದು, ನಮ್ಮ ಎಕ್ಸ್-ರೇ ಯಂತ್ರಕ್ಕೆ ಕಳಿಸಿದ್ದರು. ಮೊಳದುದ್ದದ ಬಟ್ಟೆಯ ಗಂಟು. ಕಂದು ಮತ್ತು ಬಿಳಿಯ ಪಟ್ಟಿಗಳನ್ನು ಹೆಣೆದಂತೆ ಒಂದರ ಮೇಲೊಂದು ಸುತ್ತಿದ್ದಾರೆ. ತುದಿಯಲ್ಲಿ ಬಣ್ಣದ ಕಣ್ಣು, ಮೂಗು, ಬಟ್ಟೆಯಿಂದಲೇ ಮಾಡಿದ ಎರಡು ನೆಟ್ಟ ಕಿವಿ. ಪ್ರಾಚೀನ ಈಜಿಪ್ಟಿನ ಬಾಸ್ಟೆಟ್ ದೇವತೆಗೆ ಹರಕೆಯಾಗಿ ಒಪ್ಪಿಸಿದ ಬೆಕ್ಕಿನ ಮಮ್ಮಿ. ನಾನು ಯಾರನ್ನೂ ಕೇಳದೆ ಅದನ್ನು ಗುರುತಿಸಿದೆ. ಅದರೊಡನೆ ಬಂದಿದ್ದ ಸಂಗ್ರಹಾಲಯದ ಮಹಿಳೆ ಫ್ರಾವ್ ಲಿಂಡ್ನರ್ ಅಚ್ಚರಿಯಿಂದ “ನಿಮಗೆ ಇದು ಹೇಗೆ ಗೊತ್ತು, ಹೆರ್ ಡಾಕ್ಟರ್?” ಎಂದರು. ನನ್ನ ಮಗಳು ಎರಡು ವರ್ಷ ನಮ್ಮ ಊಟದ ಮೇಜಿನ ಮೇಲೆ ಇದನ್ನೇ ಬಡಿಸಿದ್ದಾಳೆ ಎಂದು ಹೇಳಬೇಕಿತ್ತು. “ಓದಿದ್ದೇನೆ” ಎಂದೆ.

ನಿನಗೆ ನೆನಪಿದೆಯಲ್ಲವೆ? ಭೂಮಿಕಾ ಈಜಿಪ್ಟಿನ ಅಧ್ಯಯನಕ್ಕೆ ಸೇರುತ್ತೇನೆಂದಾಗ ನಾನು ಮೂರು ವಾರ ಅವಳೊಡನೆ ಸರಿಯಾಗಿ ಮಾತಾಡಲಿಲ್ಲ. ನೀನು ಮಾತ್ರ ಅವಳು ತಂದ ಆ ಕುಳಿತ ಬೆಕ್ಕಿನ ಪುಟ್ಟ ಮೂರ್ತಿಯನ್ನು ದೇವರ ಗೂಡಿನಲ್ಲಿಟ್ಟು ಅರಿಶಿನ ಕುಂಕುಮ ಏರಿಸಿದೆ. ಯಾವ ಶಾಸ್ತ್ರದಲ್ಲಿದೆ ಇದು ಎಂದು ನಾನು ಕೇಳಿದರೆ, ಅತ್ತೆಯವರು ವಿಡಿಯೋ ಕಾಲಿನಲ್ಲಿ ಮೊಮ್ಮಗಳ ಪರವಾಗಿ ಹಾಜರಾದರು: “ಕೂಸು ಹುಟ್ಟಿದ ಆರನೇ ದಿವಸ ಷಷ್ಠೀದೇವಿ ಪೂಜಾ ಮಾಡ್ತೇವಲ್ಲ, ಆಕೀದು ಸವಾರಿ ಬೆಕ್ಕಿನ ಮ್ಯಾಲೇ ಅದವಾ. ಮನಿ ಕಾಯಾಕಿ, ಕೂಸು ಕಾಯಾಕಿ. ನೀ ಓದೂದು ನಮ್ಮ ಪೈಕೀದs ಅದ.” ಬಾಸ್ಟೆಟ್ ಮೊದಲು ಸಿಂಹದ ಮುಖದವಳಾಗಿದ್ದು, ಆಮೇಲೆ ಶತಮಾನಗಳು ಕಳೆದಂತೆ ಮನೆಯ ಬೆಕ್ಕಾಗಿ ಶಾಂತಳಾದಳೆಂದು ಭೂಮಿಕಾ ವಿವರಿಸಿದಾಗ ನೀನು ನನ್ನ ಕಡೆ ನೋಡಿ, “ನಿಮಗ ಇನ್ನೂ ಎಷ್ಟು ಶತಮಾನ ಬೇಕ್ರೀ?” ಎಂದಿದ್ದೆ. ಮನೆಯ ಬೆಕ್ಕು ಸತ್ತರೆ ಆ ಜನ ದುಃಖಸೂಚಕವಾಗಿ ಹುಬ್ಬು ಬೋಳಿಸಿಕೊಳ್ಳುತ್ತಿದ್ದರಂತೆ ಎಂದ ದಿನ, “ನಿಮ್ಮಪ್ಪನ ಹುಬ್ಬ ಬೋಳಿಸಿದ್ರ ಆ ಸಿಟ್ಟು ಎಲ್ಲಿ ಇಡಬೇಕವಾ?” ಎಂದು ನೀವಿಬ್ಬರೂ ನಕ್ಕ ನಗೆಗೆ ನಾನು ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದೆ. ಅಲ್ಲಿ ನಾನೂ ನಕ್ಕೆ. ಇದನ್ನು ನಿನಗೆ ಈವರೆಗೆ ಹೇಳಿರಲಿಲ್ಲ.

ಯಂತ್ರ ಎರಡು ತಾಸು ಸುತ್ತಿತು. ಪರದೆಯ ಮೇಲೆ ಚಿತ್ರ ಮೂಡಿತು. ಗಂಟಿನೊಳಗೆ ಬೆಕ್ಕು ಇರಲಿಲ್ಲ, ಸಾವಿತ್ರಿ. ಜೊಂಡು, ಒಣಮಣ್ಣು, ಚಿಂದಿ ಬಟ್ಟೆಯ ಉಂಡೆಗಳು, ಅವುಗಳ ನಡುವೆ ಹಿಂಗಾಲಿನ ಒಂದೇ ಒಂದು ಸಣ್ಣ ಮೂಳೆ. ಇಂಥ ಗಂಟುಗಳು ಬಹಳ ಸಿಕ್ಕಿವೆ ಎಂದು ಫ್ರಾವ್ ಲಿಂಡ್ನರ್ ಹೇಳಿದರು. ಬಾಸ್ಟೆಟ್ ಜಾತ್ರೆಗೆ ಲಕ್ಷಗಟ್ಟಲೆ ಜನ ದೋಣಿಗಳಲ್ಲಿ ಹಾಡುತ್ತ ಬರುತ್ತಿದ್ದರು, ಅಷ್ಟು ಜನಕ್ಕೆ ಬೆಕ್ಕು ಎಲ್ಲಿಂದ ತರುವುದು? ಗುಡಿಯ ಪೂಜಾರಿಗಳು ಕಟ್ಟಿ ಮಾರಿದ್ದನ್ನು ಹೊತ್ತು ತಂದವರು ಬಿಚ್ಚಿ ನೋಡುತ್ತಿರಲಿಲ್ಲ. ಒಪ್ಪಿಸಿ ಹೋಗುತ್ತಿದ್ದರು.

ಈ ವಿಷಯ ನಮ್ಮ ಮನೆಯಲ್ಲಿ ಒಮ್ಮೆ ಚರ್ಚೆಗೆ ಬಂದಿತ್ತು. ನೀನು ರೊಟ್ಟಿ ಬಡಿಯುತ್ತಿದ್ದೆ. ನಾನು ಎಂದಿನಂತೆ ತೀರ್ಪಿನಿಂದಲೇ ಆರಂಭಿಸಿದೆ: ಇದು ವಂಚನೆ, ಇದಕ್ಕೆ ಬೇರೆ ಹೆಸರಿಲ್ಲ. ಭೂಮಿಕಾ ಒಪ್ಪಲಿಲ್ಲ. ದೇವರ ಹತ್ತಿರ ಇದ್ದ ಚಿಂದಿಯನ್ನೂ ಕಸಕ್ಕೆ ಹಾಕಬಾರದೆಂದು ಸುತ್ತಿಟ್ಟಿರಬಹುದು, ಒಂದು ಮೂಳೆಯೇ ಇಡೀ ಬೆಕ್ಕಿಗೆ ಸಮವೆಂದು ಅವರು ನಂಬಿರಬಹುದು ಎಂದಳು. ಹಾಗಾದರೆ ಅವರದೇ ಕಾಲದಲ್ಲಿ ಪೂಜಾರಿಗಳ ಮೇಲೆ ವಿಚಾರಣೆ ಯಾಕೆ ನಡೆಯಿತು? ಪವಿತ್ರ ಪಕ್ಷಿಗಳನ್ನು ಗಡಿಗೆಯಲ್ಲಿಟ್ಟು ಹೂಳುವಾಗ ‘ಒಂದು ಗಡಿಗೆಗೆ ಒಂದು ದೇವರು’, ಅಂದರೆ ಒಂದು ಇಡೀ ಹಕ್ಕಿ, ಇರಲೇಬೇಕೆಂದು ಕಟ್ಟುನಿಟ್ಟು ಯಾಕೆ ಮಾಡಿದರು ಎಂದು ಕೇಳಿದೆ. ಅದನ್ನು ನನಗೆ ಹಿಂದಿನ ವಾರ ಹೇಳಿದ್ದವಳು ಅವಳೇ. ಅವಳ ಸಾಕ್ಷ್ಯವನ್ನೇ ಅವಳ ಮೇಲೆ ತಿರುಗಿಸಿದೆ. ಅವಳ ಮುಖ ಕೆಂಪಾಯಿತು. “ಅಪ್ಪಾ, ದಾಸ್ ಇಸ್ಟ್ ಅನ್‌ಫೇರ್! ಇದು ಅನ್ಯಾಯ! ನೀವು ಕಟ್ಟಿದವ್ರನ್ನs ವಿಚಾರಣಾ ಮಾಡ್ಲಿಕ್ಕತ್ತೀರಿ. ಹೊತ್ಕೊಂಡು ಹೋದಾಕೀನ್ನ ಯಾರರೆ ಕೇಳ್ಯಾರೇನು?” ಹೊತ್ತವಳ ನಂಬಿಕೆ ಕಟ್ಟಿದವನ ತಪ್ಪಿಗೆ ಉತ್ತರವಾಗುವುದಿಲ್ಲ ಎಂದೆ. “ಸರಿ, ಗೆದ್ರಿ, ಬಸ್” ಎಂದು ಅವಳು ಅರ್ಧ ರೊಟ್ಟಿ ಬಿಟ್ಟು ಎದ್ದಳು. ನಾನು ನನ್ನ ಊಟವನ್ನು ಪೂರ್ತಿ ಮಾಡಿದೆ.

ಈಗ ತಂಬಿಗೆಯ ಮಾತು.

ದಹನವಾದ ಮೇಲೆ ಇಲ್ಲಿನ ಸ್ಮಶಾನದಲ್ಲಿ ಅವಳ ಬೂದಿಯ ಕಲಶವನ್ನು ಮಣ್ಣಿಗಿಡುವುದೆಂದು ನಾನೇ ನಿಶ್ಚಯಿಸಿದೆ. ಹುಟ್ಟಿದ್ದು ಇಲ್ಲಿ, ಬೆಳೆದದ್ದು ಇಲ್ಲಿ, ಇರಬೇಕಾದದ್ದೂ ಇಲ್ಲಿ ಎಂದು ಮೂರು ಅಂಶಗಳಲ್ಲಿ ನಿನ್ನ ಬಾಯಿ ಮುಚ್ಚಿಸಿದೆ. ಆಗ ನೀನು ಕೇಳಿದ್ದು ಇಷ್ಟೇ: “ಒಂದು ಮುಷ್ಟಿಯಷ್ಟರೆ ಕೊಡಸ್ರಿ. ನಮ್ಮ ನೀರಿಗೆ ಬಿಟ್ಟು ಬರ್ತೀನಿ.” ಮಾತಾಡಿ ತರುತ್ತೇನೆಂದು ನಾನು ಸ್ಮಶಾನದ ಕಚೇರಿಗೆ ಹೋದೆ. ಅಲ್ಲಿ ಕುಳಿತಿದ್ದದ್ದು ನಮ್ಮ ಭೂಮಿಕಾಳಿಗಿಂತ ಹತ್ತು ವರ್ಷ ದೊಡ್ಡವಳಿರಬಹುದಾದ ಒಬ್ಬ ಹೆಣ್ಣುಮಗಳು. ಅವಳ ಮುಂದೆ ನಾನು ನಲವತ್ತು ನಿಮಿಷ ವಾದಿಸಿದೆ. ಧಾರ್ಮಿಕ ಸ್ವಾತಂತ್ರ್ಯ ಕೊಡುವ, ಈ ದೇಶದ ಸಂವಿಧಾನದ ನಾಲ್ಕನೆಯ ವಿಧಿಯನ್ನು ಉದ್ಧರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡು, ಮೆಲ್ಲಗೆ, “ಬೂದಿ ಅಂದರೆ ಆ ವ್ಯಕ್ತಿಯೇ, ಹೆರ್ ಡಾಕ್ಟರ್. ವ್ಯಕ್ತಿಯನ್ನು ನಾವು ಭಾಗ ಮಾಡುವುದಿಲ್ಲ” ಎಂದಳು. ನಾನು ಕಾಗದಗಳನ್ನು ಮಡಚಿಟ್ಟುಕೊಂಡು ಎದ್ದೆ. ನಿಯಮ ಅವಳ ಕಡೆಗಿತ್ತು ಎಂಬುದಷ್ಟೇ ಕಾರಣವಲ್ಲ, ಮಾತೂ ಸರಿಯಾಗಿತ್ತು.

ಮನೆಗೆ ಬಂದೆ. ನೀನು ಬಾಗಿಲಲ್ಲಿಯೇ ನಿಂತಿದ್ದೆ. ನಾನು ಬೂಟಿನ ದಾರ ಬಿಚ್ಚುವ ಮೊದಲೇ, “ಹೂಂ ಅಂದ್ರಿಲ್ಲೋ? ನಂಗ ಗೊತ್ತಿತ್ತು, ನೀವು ಮಾತಾಡಿದ್ರ ಆಗ್ತದ ಅಂತ” ಎಂದು ನೀನೇ ಹೇಳಿದೆ. ಐದು ತಿಂಗಳ ಆಸ್ಪತ್ರೆಯ ನಂತರ ನಿನ್ನ ಮುಖದಲ್ಲಿ ಅದೊಂದು ಗಳಿಗೆ ಬೆಳಕಿತ್ತು. ಸೋತು ಬಂದೆ ಎಂಬ ಎರಡು ಮಾತು ನನ್ನ ಬಾಯಿಂದ ಹೊರಡಲಿಲ್ಲ. ನಿನ್ನ ಮೇಲಿನ ಕರುಣೆಯಿಂದ ಸುಳ್ಳು ಹೇಳಿದೆನೆಂದು ಬರೆದರೆ ಅದು ಎರಡನೆಯ ಸುಳ್ಳಾದೀತು. ನಾನು ಸೋಲನ್ನು ಹೇಳಿಕೊಂಡು ಅಭ್ಯಾಸವಿಲ್ಲದವನು. ಹೌದೆಂದು ತಲೆ ಆಡಿಸಿದೆ.

ಮಾರನೆಯ ದಿನ ಮಧ್ಯಾಹ್ನ ನಮ್ಮ ಹಿತ್ತಾಳೆಯ ಹೋಮಕುಂಡವನ್ನು ಚೀಲದಲ್ಲಿಟ್ಟುಕೊಂಡು ಇಸಾರ್ ನದಿಯ ದಂಡೆಗೆ ಹೋದೆ. ಬೇಸಿಗೆಯಲ್ಲಿ ಜನ ಒಲೆ ಹೂಡುವ ಜಾಗ. ಆ ದಿನ ಹಿಮ ಬಿದ್ದು ಯಾರೂ ಇರಲಿಲ್ಲ. ಆಸ್ಪತ್ರೆಯಲ್ಲಿ ಅವಳು ಬೋಳುತಲೆಗೆ ಕಟ್ಟಿಕೊಳ್ಳುತ್ತಿದ್ದ ಹತ್ತಿಯ ವಸ್ತ್ರ, ಅದಕ್ಕೂ ಮೊದಲಿನ ಬಾಚಣಿಗೆಯಲ್ಲಿ ಉಳಿದಿದ್ದ ಒಂದಿಷ್ಟು ಕೂದಲು, ಒಂದು ಗಂಧದ ಕೊರಡು, ಇಷ್ಟನ್ನು ಕುಂಡದಲ್ಲಿಟ್ಟು ಸುಟ್ಟೆ. ಆ ಬೂದಿಯನ್ನು ತಂಬಿಗೆಗೆ ತುಂಬಿ ನಿನ್ನ ರೇಷ್ಮೆಯ ರವಿಕೆಯ ಕಣದಿಂದ ಬಾಯಿ ಕಟ್ಟಿದೆ. ವಿಮಾನ ನಿಲ್ದಾಣದಲ್ಲಿ ತೋರಿಸಲು ಮರಣಪತ್ರ, ದಹನಪತ್ರ ಕೊಟ್ಟೆ. ಕಾಗದಗಳೆಲ್ಲ ನಿಜ, ಒಳಗಿನದೊಂದೇ ಸುಳ್ಳು. ತಪಾಸಣೆಯವರು ಕಾಗದ ನೋಡಿ ನಿನಗೆ ತಲೆಬಾಗಿ ದಾರಿ ಬಿಟ್ಟದ್ದನ್ನು ನಾನು ಗಾಜಿನ ಈಚೆಯಿಂದ ನೋಡಿದೆ. ಮೇಲಿನ ಗೂಡಿನಲ್ಲಿಡಿ ಎಂದ ಗಗನಸಖಿಗೆ ನೀನು ‘ಇಲ್ಲ, ಮಗಳು’ ಎಂದು ಹೇಳಿ ಹತ್ತು ತಾಸು ಮಡಿಲಲ್ಲಿಟ್ಟುಕೊಂಡು ಕೂತೆಯೆಂದು ಆಮೇಲೆ ನೀನೇ ಹೇಳಿದೆ.

ಏಳು ವರ್ಷದವಳಿದ್ದಾಗ ಒಂದು ಸಣ್ಣ ಸುಳ್ಳಿಗೆ ಅವಳಿಂದ ‘ನಾನು ಸುಳ್ಳು ಹೇಳುವುದಿಲ್ಲ’ ಎಂದು ನೂರು ಸಲ ಕನ್ನಡದಲ್ಲಿ ಬರೆಸಿದವನು ನಾನು. ಅದರಲ್ಲಿ ಐವತ್ತನ್ನು ನೀನು ಬರೆದುಕೊಟ್ಟಿದ್ದೆ. ಅವಳ ಅಕ್ಷರ ಅಷ್ಟು ದುಂಡಗಿರಲಿಲ್ಲ.

ಬುಧವಾರದಿಂದ ನಾನು ಎರಡೂ ಪಕ್ಷಗಳಲ್ಲಿ ನಿಂತು ವಾದಿಸಿ ನೋಡಿದೆ. ಪರದೆಯ ಮೇಲಿನ ಆ ಒಂದು ಮೂಳೆ ನನ್ನ ಪರವಾಗಿ ಮಾತಾಡಲು ಬಂತು: ತಂಬಿಗೆಯಲ್ಲಿ ಅವಳ ಕೂದಲಿತ್ತಲ್ಲ, ಅವಳ ಬೆವರು ಕುಡಿದ ಬಟ್ಟೆಯಿತ್ತಲ್ಲ. ಭೂಮಿಕಾ ಇದ್ದಿದ್ದರೆ ಹಾಗೇ ಅನ್ನುತ್ತಿದ್ದಳು. ಎಷ್ಟು ಅನುಕೂಲವಾದ ವಾದ! ಅನುಕೂಲವಾಗಿದೆ ಎಂಬುದಕ್ಕಾಗಿಯೇ ಅದನ್ನು ನಾನು ಬಳಸಲಾರೆ. ಆ ಗಂಟನ್ನು ಹೊತ್ತು ಬಿಸಿಲಲ್ಲಿ ನಡೆದು ಬಂದ ಈಜಿಪ್ಟಿನ ಹೆಂಗಸಿಗೆ ಬಾಸ್ಟೆಟ್ ಕಿವಿಗೊಟ್ಟಳೆಂದೇ ನನಗೀಗ ಅನ್ನಿಸುತ್ತದೆ. ಅವಳ ಕೈಯಲ್ಲಿದ್ದದ್ದು ಬೆಕ್ಕೇ. ಆದರೆ ಹಾಗೆಂದು ಹೇಳುವ ಹಕ್ಕು ಹೊತ್ತವಳದು. ಕಟ್ಟಿದವನು ಅದೇ ಮಾತನ್ನು ಹೇಳಿದರೆ ಅದು ಅಂಗಡಿಯವನ ಮಾತಾಗುತ್ತದೆ. ಮಗಳು ಆ ದಿನ ನನಗೆ ತಿಳಿಸಲು ಹೊರಟದ್ದು ಇದೇ ಇರಬೇಕು. ನಾನು ಗೆಲ್ಲುವ ಅವಸರದಲ್ಲಿದ್ದೆ.

ಇಲ್ಲಿ ಸ್ಮಶಾನದಲ್ಲಿ ಅವಳ ಕಲ್ಲಿನ ಸುತ್ತ ಎಲೆ ಗುಡಿಸಿ ದೀಪ ಹಚ್ಚಿ ಬರುತ್ತೇನೆ. ಅವಳು ಪೂರ್ತಿಯಾಗಿ ಅಲ್ಲಿಯೇ ಇದ್ದಾಳೆ. ಮಣ್ಣಿಗಿಟ್ಟ ಕಲಶವನ್ನು ತೆಗೆಸಿ ಪರದೇಶಕ್ಕೆ ಒಯ್ಯಲು ಅರ್ಜಿ ಹಾಕಬಹುದಂತೆ. ಗಟ್ಟಿಯಾದ ಕಾರಣ ಬೇಕು, ತಾಯಿತಂದೆ ಇಬ್ಬರ ಸಹಿ ಬೇಕು, ಆದರೂ ಕೊಡುತ್ತಾರೆಂಬ ಭರವಸೆಯಿಲ್ಲ. ಅವಳನ್ನು ಮತ್ತೆ ಅಲುಗಿಸುವುದು ಸರಿಯೋ ತಪ್ಪೋ ನನಗೆ ತಿಳಿಯದು. ಗೋಕರ್ಣದಲ್ಲಿ ನೀನು ಬಿಟ್ಟದ್ದು ಅವಳನ್ನೇ ಎಂದು ನೀನು ಅಂದುಕೊಂಡರೆ ನಾನು ಎದುರಾಡುವುದಿಲ್ಲ. ಮೋಸವಾಯಿತು ಎಂದರೆ ಅದಕ್ಕೂ ಇಲ್ಲ.

ಅತ್ತೆಯವರಿಗೆ ನನ್ನ ನಮಸ್ಕಾರಗಳು. ಈ ಸಂಗತಿಯನ್ನು ಅವರಿಗೆ ಹೇಳುವುದು ಬಿಡುವುದು ನಿನಗೆ ಸೇರಿದ್ದು. ಷಷ್ಠೀದೇವಿ ನಿನ್ನನ್ನು ಕಾಯಲಿ. ನಾನು ಈ ಬಗೆಯ ಮಾತನ್ನು ಬರೆದದ್ದು ಇದೇ ಮೊದಲು, ನಗಬೇಡ.

ಇಂತು ನಿನ್ನ,
ಪ್ರಭಂಜನ

ತಾ. ಕ.: ಮಂಗಳವಾರ, ಮ್ಯೂನಿಕ್ ವಿಮಾನ ನಿಲ್ದಾಣ. ಲಕೋಟೆಯ ಮೇಲೆ ವಿಳಾಸ ಬರೆದಾದ ಮೇಲೆ ಹೊಳೆಯಿತು, ಇದನ್ನು ಟಪಾಲಿಗೆ ಹಾಕಿದರೆ ಎದುರಿಗೆ ಯಾರೂ ಇಲ್ಲದ ಸಭೆಯಲ್ಲಿ ಭಾಷಣ ಮಾಡಿದಂತೆ. ಆದ್ದರಿಂದ ನಾನೇ ತರುತ್ತಿದ್ದೇನೆ. ಹುಬ್ಬಳ್ಳಿಯಿಂದ ಟ್ಯಾಕ್ಸಿಯಲ್ಲಿ ಬಂದು ಇದನ್ನು ನಿನ್ನ ಕೈಗೆ ಕೊಟ್ಟು ಹೊರಗೆ ಕಟ್ಟೆಯ ಮೇಲೆ ಕೂರುತ್ತೇನೆ. ನೀನು ನಿಧಾನವಾಗಿ ಓದು, ಬೇಕಾದರೆ ಎರಡು ಸಲ ಓದು. ಒಳಗೆ ಕರೆಯಲು ಮನಸ್ಸಾಗದಿದ್ದರೆ ಕರೆಯಬೇಡ; ಸ್ಟೇಷನ್ ರೋಡಿನಲ್ಲಿ ಒಂದು ಕೋಣೆ ಹಿಡಿದಿದ್ದೇನೆ, ನಾಳೆ ಮತ್ತೆ ಬಂದು ಆ ಕಟ್ಟೆಯ ಮೇಲೆಯೇ ಕೂರುತ್ತೇನೆ. ಕಲಶ ತೆಗೆಸುವ ಅರ್ಜಿಯ ನಮೂನೆ ಇದರೊಳಗಿದೆ. ತುಂಬು ಎಂದರೆ ತುಂಬುತ್ತೇನೆ, ಹರಿ ಎಂದರೆ ಹರಿಯುತ್ತೇನೆ. ಯಾಕೆ ಎಂದು ಕೇಳುವುದಿಲ್ಲ.