ಅಟ್ಟ ಹತ್ತಿದ ಡಂಬೆಲ್

ಭಾನುವಾರ, ೧೪ ಮಾರ್ಚ್

ಮುದ್ದಿನ ತಂಗಿಗೆ,

ಹೇಗಿದ್ದೀಯೇ? ಉತ್ತರ ತಡವಾಯಿತು, ಬೈಯಬೇಡ. ಕೋಪ ಇಳಿಯಲಿ, ಆಮೇಲೆ ಬರೆಯೋಣ ಎಂದು ಕಾದೆ. ಅದು ಇಳಿಯುವ ಲಕ್ಷಣ ಕಾಣಲಿಲ್ಲ, ಬರೆಯುತ್ತಿದ್ದೇನೆ.

ಮೊಮ್ಮಗಳು ದುಂಡು ದುಂಡಾಗಿ ಮನೆಯೆಲ್ಲ ಓಡಾಡುತ್ತಾಳೆ. ಅವಳನ್ನು ನೆಲದಿಂದೆತ್ತಿ ಸೊಂಟದ ಮೇಲೆ ಕೂರಿಸಿಕೊಳ್ಳಬೇಕು, ನನಗಿರುವುದು ಅದೊಂದೇ ಆಸೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ಒದ್ದೆ ಬೆಡ್‌ಶೀಟಿನ ಗಂಟು ಎತ್ತಿ ಎತ್ತಿ ಬಾಳಿದವಳು ನಾನು. ಕೆಲಸ ಬಿಟ್ಟ ಮೇಲೆ ತೋಳು ಸೊರಗಿಹೋಯಿತು. ಫಿಸಿಯೋ ಹತ್ತಿರ ಹೋದೆ. ಆಕೆ ತೋಳು ಹಿಸುಕಿ ನೋಡಿ, "ಸ್ನಾಯು ಅಂದ್ರೆ ಸಣ್ಣ ಸಣ್ಣ ಎಳೆಗಳ ಕಟ್ಟು, ಅಮ್ಮಾ. ಕೆಲಸ ಕೊಡದಿದ್ರೆ ತೆಳ್ಳಗಾಗುತ್ತೆ. ಭಾರ ಎತ್ತಿದ್ರೆ, ಸುಮ್ನೆ ಮಲಗಿರೋ ಎಳೆಗಳನ್ನ ಮೊದ್ಲು ನರ ಎಬ್ಬಿಸುತ್ತೆ, ಆಮೇಲೆ ನಿಧಾನಕ್ಕೆ ಅವು ದಪ್ಪ ಆಗ್ತವೆ. ವಯಸ್ಸು ಅಡ್ಡ ಬರಲ್ಲ," ಎಂದಳು. ಡಂಬೆಲ್ ಕೊಂಡುತಂದು ಅಂದೇ ಎತ್ತಲು ಶುರು ಮಾಡಿದೆ.

ಮಾರನೆಯ ದಿನ ತೋಳೆಲ್ಲ ನೋವು. ಹೊಸ ಕೆಲಸಕ್ಕೆ ಎಳೆಗಳು ಅಲ್ಲಲ್ಲಿ ಕೊಂಚ ನಲುಗುತ್ತವೆ, ಚೆನ್ನಾಗಿ ಉಂಡು ವಿಶ್ರಾಂತಿ ಕೊಟ್ಟರೆ ರಿಪೇರಿಯಾಗುತ್ತವೆ ಎಂದು ಆಕೆ ಮೊದಲೇ ಹೇಳಿದ್ದಳು. ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ತಲೆ ಬಾಚಲು ಕೈಯೆತ್ತಿದಾಗ "ಅಯ್ಯೋ" ಎಂದುಬಿಟ್ಟೆ. ತಗೋ, ಮಗ ಓಡಿಬಂದ. "ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ ಅಮ್ಮಾ?" ಎಂದವನೇ ಡಂಬೆಲ್‌ಗಳನ್ನು ಅಟ್ಟಕ್ಕೇರಿಸಿದ. ಫಿಸಿಯೋಗೆ ಒಂದು ಫೋನ್ ಮಾಡಿ ಕೇಳಿದನೇ? ಊಹೂಂ! ಇದೇ ಮಗರಾಯ ಜಿಮ್ಮಿಗೆ ಹೋಗಿಬಂದು, ಮಾರನೆಯ ದಿನ ಮೆಟ್ಟಿಲಿಳಿಯಲಾರದೆ ಕುಂಟುತ್ತಾ "ಇದು ಒಳ್ಳೇ ನೋವು" ಎಂದು ಜಂಬ ಕೊಚ್ಚುತ್ತಾನೆ. ಅವನಿಗೆ ನೋವಾದರೆ ಕಸರತ್ತು, ನನಗೆ ನೋವಾದರೆ ಮುಪ್ಪು! ನೆನೆದರೆ ಮೈಯೆಲ್ಲ ಉರಿಯುತ್ತದೆ ಕಣೇ.

ನಾನು ಸುಮ್ಮನಿರುವವಳೇ? ಹಿಟ್ಟಿನ ಡಬ್ಬ ಎತ್ತಿ ಇಳಿಸುತ್ತಿದ್ದೇನೆ. ಸೊಸೆ ಬಂದರೆ ಡಬ್ಬ ಒರೆಸುತ್ತಿದ್ದೇನೆ ಅನ್ನುತ್ತೇನೆ. ಇಷ್ಟು ಫಳಫಳ ಹೊಳೆಯುವ ಡಬ್ಬ ಈ ಬೀದಿಯಲ್ಲಿ ಯಾರ ಮನೆಯಲ್ಲೂ ಇಲ್ಲ.

ನಿನಗೂ ಮಕ್ಕಳಿಗೂ ಒಳ್ಳೆಯದಾಗಲಿ, ಮೈಕೈ ಗಟ್ಟಿಯಾಗಿರಲಿ. ಕೂತಲ್ಲೇ ಕೂತಿರಬೇಡ.

ನಿನ್ನ
ಅಕ್ಕ

ಇನ್ನೊಂದು ಮಾತು. ಮೊಮ್ಮಗಳು ನನ್ನತ್ತ ಕೈ ಚಾಚಿದಾಗಲೆಲ್ಲ ಮಗನೋ ಸೊಸೆಯೋ "ಅಜ್ಜಿಗೆ ಕೈಲಾಗಲ್ಲ ಪುಟ್ಟಾ" ಎನ್ನುತ್ತಾ ತಾವೇ ಎತ್ತಿಕೊಂಡು ಹೋಗುತ್ತಾರೆ. ಈಗ ಅವಳಿಗೆ ಮಾತು ಬರುತ್ತಿದೆ. ನಿನ್ನೆ ನನ್ನ ಕೋಣೆಯ ಬಾಗಿಲಲ್ಲಿ ನಿಂತು, "ಕೈಲಾಗಲ್ಲಾ, ಬಾ!" ಎಂದು ಕರೆದಳು. ಅದೇ ನನ್ನ ಹೆಸರು ಅಂದುಕೊಂಡಿದ್ದಾಳೆ. ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು. ಮಗು ಅಷ್ಟು ಪ್ರೀತಿಯಿಂದ ಕರೆದ ಮೇಲೆ ಏನು ಮಾಡಲಿ? ಎದ್ದು ಹೋದೆ.