ಹಣೆಗೆ ಹಚ್ಚುವುದನ್ನು ಗಾಜಿಗೆ ಹಚ್ಚಿದವನು

ಕಂಪಲಾಪುರ
೨೩ ಜನವರಿ ೨೦೨೫, ಗುರುವಾರ

ಚಿರಂಜೀವಿ ಹೇಮಶ್ರೀಗೆ ಆಶೀರ್ವಾದಗಳು. ಈ ಸಲ ಆಶೀರ್ವಾದದ ಜೊತೆಗೆ ಒಂದು ತಪ್ಪೊಪ್ಪಿಗೆಯೂ ಇದೆ. ಆದ್ದರಿಂದ ನಿಂತು ಓದಬೇಡ, ಕುಳಿತು ಓದು.

ಹುಣಸೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಯತೀಶನನ್ನು ಮದುವೆಯಾಗುವುದಾಗಿ ನೀನು ಕಳೆದ ತಿಂಗಳು ಬರೆದಾಗ, ನಾನು ಏಳು ಆಕ್ಷೇಪಣೆಗಳನ್ನು ಅಂಕಿ ಹಾಕಿ ಉತ್ತರಿಸಿದ್ದೆ. ಅಂದಿನಿಂದ ನೀನು ಎಚ್.ಡಿ. ಕೋಟೆಯಿಂದ ಫೋನ್ ಮಾಡಿದಾಗಲೆಲ್ಲ ನನ್ನ ಊಟ, ನನ್ನ ರಕ್ತದೊತ್ತಡ, ನಿಮ್ಮ ಸರ್ವೆ ಕಚೇರಿ, ಇಷ್ಟೇ ನಮ್ಮ ಮಾತು. "ಒಂದು ಸಲ ಅವರ ಮುಖ ನೋಡಿ ಅಪ್ಪಾಜಿ, ಆಮೇಲೆ ಬೇಡ ಅನ್ನಿ" ಎಂದು ನೀನು ಕೇಳಿದ್ದೆ. ನಾನು ನೋಡದೆಯೇ ಬೇಡವೆಂದೆ. ಮೈಸೂರಿನ ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಯ ಫಲಕ ಗೆದ್ದವನು ನಾನು. ಎದುರು ಪಕ್ಷವನ್ನು ಕೇಳದೆ ತೀರ್ಪು ಬರೆದದ್ದು ಅದೇ ಮೊದಲು. ವಿರೋಧವನ್ನು ಬರಹದಲ್ಲಿ ಮಂಡಿಸಿದವನು ಮರುವಿಚಾರವನ್ನು ಫೋನಿನಲ್ಲಿ ಗೊಣಗಬಾರದು. ಅದಕ್ಕಾಗಿ ಈ ಕಾಗದ.

ಮೊದಲು ಫೋನಿನ ವಿಷಯ. ನಿನ್ನ ತಾಯಿ ಹೋದ ಮೇಲೆ ಅವಳ ಫೋನನ್ನೇ ನಾನು ಬಳಸುತ್ತಿರುವುದು ನಿನಗೆ ಗೊತ್ತು. ಅದರಲ್ಲಿ ತೆಗೆದ ಚಿತ್ರಗಳೆಲ್ಲ ಮಂಜು ಮಂಜಾಗಿ ಬರುತ್ತವೆಂದು ನೀನು ನಗುತ್ತಿದ್ದೆ. ಅವಳ ಎರಡನೆಯ ವರ್ಷದ ಪುಣ್ಯಸ್ಮರಣೆಯಲ್ಲಿ ನಾನು ತೆಗೆದ ಚಿತ್ರದಲ್ಲಿ ನಿನ್ನ ಸೋದರತ್ತೆ ಸುಧಾ ಯಾರು, ಬಾಳೆಕಂದು ಯಾವುದು ಎಂದು ಹೇಳುವುದೇ ಕಷ್ಟವಾಗಿತ್ತು. ರಿಪೇರಿಗೆ ಅಂಗಡಿಗೆ ಕೊಡಿ ಎಂದು ನೀನು ಹೇಳಿದಾಗ ನಾನು ಗದರಿದೆ. ಕಾರಣವನ್ನು ಇಂದು ಹೇಳುತ್ತೇನೆ. ಅವಳು ತೆಗೆದ ಚಿತ್ರಗಳೆಲ್ಲ ಅದರೊಳಗಿವೆ: ಬಿಸಿಲಿಗೆ ಹರವಿದ ಹುರುಳಿ, ಹಿತ್ತಲಿನ ದಾಸವಾಳ, ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ ನಾನು. ಕ್ಯಾಮೆರಾದ ಗಾಜು ಕಿತ್ತರೆ ಅವೂ ಹೋಗಿಬಿಡುತ್ತವೆಂದು ನಾನು ನಂಬಿದ್ದೆ. ನಗಬೇಡ. ಅರವತ್ತಮೂರು ವರ್ಷದ ಪದವೀಧರನೊಬ್ಬ ಹಾಗೆ ನಂಬಿದ್ದ.

ಮಂಗಳವಾರ ಹುಣಸೂರಿಗೆ ಹೋದೆ. ಫೋನು ನೆಪ, ಹುಡುಗನ ಪರೀಕ್ಷೆಯೇ ಉದ್ದೇಶ. ಬಸ್ ನಿಲ್ದಾಣದ ಹಿಂದಿನ ಸಾಲಿನಲ್ಲಿ ಆ ಅಂಗಡಿ. ಇಬ್ಬರು ಕುಳಿತರೆ ಮೂರನೆಯವನು ಬಾಗಿಲಲ್ಲಿ ನಿಲ್ಲಬೇಕು. ಆಗಲೇ ಕೆಂಪಯ್ಯ ಎಂಬ ಹಿರಿಯರೊಬ್ಬರು ಚಾರ್ಜರ್ ಹಿಡಿದು ಕುಳಿತಿದ್ದರು. ನಾನು "ಬಸವಪ್ರಸಾದ್, ಕೆ.ಆರ್. ನಗರ" ಎಂದು ಹೇಳಿಕೊಂಡೆ. ಹೌದು, ಸುಳ್ಳು. ಪರೀಕ್ಷಕನು ತನ್ನ ಹೆಸರನ್ನು ಪ್ರಶ್ನೆಪತ್ರಿಕೆಯ ಮೇಲೆ ಬರೆಯುವುದಿಲ್ಲ.

ಯತೀಶ ಫೋನನ್ನು ತೆಗೆದುಕೊಂಡು, ತೆರೆದು ಕ್ಷಣ ನೋಡಿ, ಮಗುಚಿ, ಹಿಂಬದಿಯ ಗಾಜನ್ನು ಬೆಳಕಿಗೆ ಹಿಡಿದ. "ಏನಾಕಿ ಉಜ್ಜೀರಿ ಸಾ ಇದ್ನ?" ಎಂದು ಕೇಳಿದ. ಬಟ್ಟೆಯಿಂದ ಒರೆಸಿದೆನೆಂದೆ. "ಬಟ್ಟೇಲಿ ಇಂಗಾಗಾಕಿಲ್ಲ. ವಿಭೂತಿ ಅಲ್ವಾ?" ಎಂದ.

ನಾನು ತಬ್ಬಿಬ್ಬಾದೆ. ಪ್ರತಿ ಸೋಮವಾರ ದೇವರ ಮನೆಯ ಬೆಳ್ಳಿ ದೀಪಗಳನ್ನು ವಿಭೂತಿಯಿಂದ ಉಜ್ಜುವಾಗ ಅದೇ ಬೆರಳಿನಿಂದ ಫೋನಿನ ಗಾಜನ್ನೂ ಉಜ್ಜುತ್ತಿದ್ದೆ. ಮಂಜು ಹೆಚ್ಚಿದಷ್ಟೂ ಜೋರಾಗಿ ಉಜ್ಜುತ್ತಿದ್ದೆ. ಬೆಳ್ಳಿ ಬೆಳಗುವುದಾದರೆ ಗಾಜೇಕೆ ಬೆಳಗದು? ಆದರೆ ಸೋಲೊಪ್ಪಲು ಮನಸ್ಸಾಗದೆ ವಾದ ಹೂಡಿದೆ: ವಿಭೂತಿ ಮೃದು, ಗಾಜು ಕಠಿಣ, ಮೃದುವಾದದ್ದು ಕಠಿಣವಾದದ್ದನ್ನು ಗೀರುವುದು ಯಾವ ನ್ಯಾಯ?

"ಬೂದಿ ಮೆತ್ಗದೆ ಸಾ. ಅದ್ರೊಳ್ಗೆ ಸೇರ್ಕಂಡಿರೋ ಮಳ್ಳು, ಸಣ್ ಕಲ್ಲು ಮೆತ್ಗಿಲ್ವಲ್ಲ," ಎಂದು ಅವನು ನಗುತ್ತಲೇ ಹೇಳಿದ. "ಅಣೆಗಚ್ಚೋದ ಅಣೆಗೇ ಅಚ್ಚಿ. ಗಾಜ್ಗೆ ಬ್ಯಾಡ."

ಕೆಂಪಯ್ಯನವರು ತೊಡೆ ತಟ್ಟಿಕೊಂಡರು. "ಅಯ್ನೋರ್ನ ಮಕಾಡೆ ಕೆಡವ್ದಲ್ಲೋ ಯತೀಶ! ಬುಡಿ ಸ್ವಾಮಿ, ನನ್ ಹೆಂಡ್ರು ಪೇಸ್ಟ್ ಆಕಿ ಉಜ್ಜವ್ಳೆ. ಈಗ ನನ್ ಫೋನ್‌ನಲ್ಲಿ ಎಮ್ಮೆ ಫೋಟೋ ತೆಗುದ್ರೂ ಹಸಾ ತರ ಬೆಳ್ಳಗೆ ಬತ್ತದೆ!"

ಮಗಳೇ, ವಾದದಲ್ಲಿ ನಾನು ಸೋತಿದ್ದೆ. ಆದರೂ ಪರೀಕ್ಷೆಯನ್ನು ಬಿಡಲಿಲ್ಲ. ಇಡೀ ಕ್ಯಾಮೆರಾವನ್ನೇ ಬದಲಿಸು, ಖರ್ಚಿನ ಚಿಂತೆ ಬೇಡ ಎಂದು ಆಮಿಷ ಒಡ್ಡಿದೆ. "ಯಾಕ್ ಸಾ? ಒಳಗಿನ ಕ್ಯಾಮೆರಾ ಚೆನ್ನಾಗದೆ. ಮ್ಯಾಲಿನ ಗಾಜು ಮಾತ್ರ ಉಜ್ಜೋಗದೆ. ಅದೊಂದ್ನೇ ಕಿತ್ತು ಬ್ಯಾರೆ ಅಂಟುಸ್ತೀನಿ," ಎಂದು ಅವನು ಬಿಸಿಗಾಳಿಯ ಯಂತ್ರಕ್ಕೆ ಕೈ ಹಾಕಿದ.

ಆಗ ನನ್ನ ಕೈ ನನಗರಿವಿಲ್ಲದೆಯೇ ಮುಂದೆ ಹೋಗಿ ಫೋನನ್ನು ಹಿಡಿದುಕೊಂಡಿತು. ಅದರಲ್ಲಿ ನನ್ನ ಹೆಂಡತಿ ತೆಗೆದ ಚಿತ್ರಗಳಿವೆ ಎಂದೆ.

ಅವನು ನಗಲಿಲ್ಲ. ಗಾಜಿಗೂ ಚಿತ್ರಗಳಿಗೂ ಸಂಬಂಧವಿಲ್ಲವೆಂದು ಹೇಳಬಹುದಿತ್ತು, ಹೇಳಿದ ಕೂಡ. ಆದರೆ ಅಲ್ಲಿಗೇ ನಿಲ್ಲಲಿಲ್ಲ. "ಗಾಜು ಕಿತ್ರೆ ಏನೂ ಓಗಾಕಿಲ್ಲ. ಆದ್ರೂ ಮೊದ್ಲು ಎಲ್ಲಾನೂ ಬ್ಯಾರೆ ಕಡೆ ಇಳ್ಸಿ ಇಡಾನ. ನಿಮ್ಗೂ ನೆಮ್ದಿ, ನಂಗೂ ನೆಮ್ದಿ," ಎಂದು ಯಂತ್ರವನ್ನು ಬದಿಗಿಟ್ಟ. ಚಿತ್ರಗಳು ಒಂದೊಂದಾಗಿ ಮೂಡಿ ಮರೆಯಾಗುತ್ತ ಪುಟ್ಟ ಕಾರ್ಡಿಗೆ ಇಳಿಯುತ್ತಿದ್ದವು. ಅಷ್ಟು ಹೊತ್ತೂ ಅವನು ಪರದೆಯನ್ನು ನನ್ನ ಕಡೆಗೆ ತಿರುಗಿಸಿಟ್ಟು, ತಾನು ಕೆಂಪಯ್ಯನವರ ಚಾರ್ಜರಿನ ತಂತಿ ಸುತ್ತುತ್ತ ಕುಳಿತಿದ್ದ. ಒಮ್ಮೆಯೂ ಇಣುಕಲಿಲ್ಲ. ಅವಳ ಹುರುಳಿಯನ್ನೂ ದಾಸವಾಳವನ್ನೂ ನಾನೊಬ್ಬನೇ ನೋಡಿದೆ.

ಆ ಬಳಿಕ ಅವನು ಹಳೆಯ ಗಾಜನ್ನು ಬಿಸಿ ಮಾಡಿ ಎಬ್ಬಿಸಿದ, ಅಂಟನ್ನು ಒರೆಸಿದ, ಒಳಕ್ಕೆ ಧೂಳು ಕೂರದಂತೆ ಉಸಿರು ಬಿಗಿಹಿಡಿದು ಹೊಸದನ್ನು ಕೂರಿಸಿದ. ಕೆಂಪಯ್ಯನವರೂ ನಾನೂ ಯಾರೂ ಹೇಳದೆಯೇ ಉಸಿರು ಬಿಗಿಹಿಡಿದಿದ್ದೆವು.

ಕೊನೆಗೆ ರಸೀದಿ ಬರೆದುಕೊಟ್ಟ. ಅದರ ಮೇಲೆ ಹೀಗಿತ್ತು: "ಶ್ರೀ ಚನ್ನಬಸವಣ್ಣನವರು, ಕಂಪಲಾಪುರ." ನನ್ನ ಮುಖ ಹೇಗಾಗಿರಬೇಕು, ನೀನೇ ಊಹಿಸು. ಹೇಗೆ ತಿಳಿಯಿತೆಂದು ಕೇಳಿದೆ.

"ಫೋನ್ ತೆಗದೇಟ್ಗೆ ಹೇಮಾವ್ರ ಫೋಟೋನೇ ಬಂತಲ್ಲ ಸಾ," ಎಂದ.

ಹೌದು. ನಿನ್ನ ತಾಯಿ ಪರದೆಯ ಮೇಲೆ ಹಾಕಿಟ್ಟ ನಿನ್ನ ಚಿತ್ರ ಎರಡು ವರ್ಷಕ್ಕೂ ಹೆಚ್ಚಾಗಿ ಅಲ್ಲೇ ಇದೆ. ದಿನವೂ ಕಾಣುವುದರಿಂದ ನನ್ನ ಕಣ್ಣಿಗೆ ಅದು ಬೀಳುವುದನ್ನೇ ಬಿಟ್ಟಿತ್ತು. ವೇಷ ಮರೆಸಿಕೊಂಡು ಹೋದವನು ಮಗಳ ಚಿತ್ರವನ್ನು ಕೈಯಲ್ಲಿ ಹಿಡಿದೇ ಹೋಗಿದ್ದ! ಮೊದಲೇ ಏಕೆ ಹೇಳಲಿಲ್ಲವೆಂದು ಗದರಿದೆ.

"ಗಿರಾಕಿಯಾಗಿ ಬಂದ್ರಿ, ಗಿರಾಕಿ ಅಂಗೇ ನೋಡ್ಕಂಡೆ. ಹೇಮಾವ್ರಿಗೆ ನಾನೇನೂ ಹೇಳಾಕಿಲ್ಲ ಸಾ. ಹೇಳೋದಿದ್ರೆ ನೀವೇ ಹೇಳಿ."

ಕೆಂಪಯ್ಯನವರಿಗೆ ಆಗ ತಲೆಬುಡ ತಿಳಿಯಿತು. "ಓಹೋ, ಎಣ್ಣಿನ ಕಡೆಯೋರಾ! ಇಷ್ಟೊತ್ತೂ ನಿಲ್ಸೇ ಬುಟ್ಟಿದ್ದೀಯಲ್ಲೋ, ಕಾಪಿ ತರ್ಸೋ ದಡ್ನನ್ಮಗ್ನೆ!" ಎಂದು ಕೂಗಿದರು. ಕಾಫಿ ಬಂತು. ಕುಡಿದೆ.

ಇನ್ನು ತೀರ್ಪು. ಅಂಗಡಿ ಸಣ್ಣದು, ಆದಾಯ ಅನಿಶ್ಚಿತ, ಓದು ಸಾಲದು ಇತ್ಯಾದಿ ನನ್ನ ಮೊದಲ ಆರು ಆಕ್ಷೇಪಣೆಗಳನ್ನು ಹಿಂತೆಗೆದುಕೊಂಡಿದ್ದೇನೆ. ಏಳನೆಯದು, ನಮ್ಮ ಆಚಾರ ಬೇರೆ, ಅವರ ಆಚಾರ ಬೇರೆ ಎಂಬುದು. ಅದನ್ನು ಹಿಂತೆಗೆದುಕೊಂಡೆನೆಂದರೆ ಸುಳ್ಳಾದೀತು. ಆ ವ್ಯತ್ಯಾಸ ಇದ್ದೇ ಇದೆ, ನನಗೆ ಅದು ಅಭ್ಯಾಸವಾಗಬೇಕು. ಆದರೆ ಅದು ನನ್ನ ಕಷ್ಟ, ನಿನ್ನ ಮದುವೆಗೆ ಅಡ್ಡಿಯಲ್ಲ. ನನ್ನ ಸಮ್ಮತಿ ಇದೆ. ಈ ವಾಕ್ಯವನ್ನು ಎರಡು ಸಲ ಓದಿಕೊ, ನಾನು ಎರಡು ಸಲ ಬರೆಯುವವನಲ್ಲ.

ಫೆಬ್ರವರಿ ಎರಡು, ಭಾನುವಾರ, ಚುಂಚನಕಟ್ಟೆಯಿಂದ ಅವನ ಅಜ್ಜಿ ದೊಡ್ಡತಾಯಮ್ಮನವರನ್ನು ಕರೆದುಕೊಂಡು ಬರಲು ಯತೀಶನಿಗೆ ಹೇಳಿದ್ದೇನೆ. ನೀನು ಶನಿವಾರ ಸಂಜೆಯೇ ಬಂದುಬಿಡು. ನನ್ನ ಒಬ್ಬಟ್ಟು ಅತಿಥಿಗಳ ಮುಂದಿಡುವಂಥದ್ದಲ್ಲ.

ನಿನ್ನ ತಂದೆ,
ಚನ್ನಬಸವಣ್ಣ

ಮತ್ತೆ ಬರೆದದ್ದು: ಇದರೊಡನೆ ಒಂದು ಚಿತ್ರವಿದೆ. ಗಾಜು ಸರಿಯಾಯಿತೇ ಎಂದು ನೋಡಲು ಕೆಂಪಯ್ಯನವರು ಕಾಫಿ ಲೋಟದೊಂದಿಗೆ ನಮ್ಮಿಬ್ಬರನ್ನೂ ನಿಲ್ಲಿಸಿ ತೆಗೆದದ್ದು. ಯತೀಶ ಅಲ್ಲೇ ಪಕ್ಕದಲ್ಲಿ ಅಚ್ಚು ಹಾಕಿಸಿಕೊಟ್ಟ. ಅದರಲ್ಲಿ ನನ್ನ ಹಲ್ಲುಗಳು ಕಾಣುತ್ತಿವೆ. ನಿನ್ನ ತಾಯಿ ಹೋದ ಮೇಲೆ ಹೀಗೆ ಕಂಡದ್ದು ಇದೇ ಮೊದಲಿರಬೇಕು. ಹೊಸ ಗಾಜಿನದೇನಾದರೂ ದೋಷವಿರಬಹುದೇ ಎಂದು ಮೂರು ಸಲ ನೋಡಿದೆ. ದೋಷವಿಲ್ಲ.